ಕಾಫಿ ಬಣ್ಣದ ಡಯಲ್ಲು

ಒಪ್ಪಿಕೊಂಡುಬಿಡುತ್ತೇನೆ, ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ನಾವಿಬ್ಬರೂ ಅಕ್ಕಪಕ್ಕದ ಲೇತ್ ಯಂತ್ರಗಳ ಮುಂದೆ ನಿಲ್ಲುತ್ತಿದ್ದೆವು. ಅವನು ಧಾರವಾಡದ ಕಡೆಯವನು, ಗಂಗಾನಗರದಲ್ಲಿ ಬಾಡಿಗೆಗಿದ್ದ. ಇಬ್ಬರಿಗೂ ಹಳೆಯ ಕ್ರೋನೋಗ್ರಾಫ್ ವಾಚುಗಳ ಹುಚ್ಚು. ಕೀಲಿ ಕೊಡುವ ಕೈಗಡಿಯಾರವೇ, ಆದರೆ ಪಕ್ಕದ ಗುಂಡಿ ಒತ್ತಿದರೆ ಉದ್ದನೆಯ ಮುಳ್ಳೊಂದು ಹೊರಟು ಸೆಕೆಂಡುಗಳನ್ನು ಅಳೆಯುತ್ತದೆ. ನನ್ನ ಬಳಿ ಅಂಥವು ನಾಲ್ಕಿದ್ದವು. ಅವನ ಬಳಿ ಹನ್ನೊಂದು.

ಅದನ್ನಾದರೂ ಸಹಿಸಬಹುದಿತ್ತು. ನಾನು ಏನು ತಂದು ತೋರಿಸಿದರೂ ಅವನು "ಭಾಳ ಛಲೋ ಅದ ಬಿಡೋ" ಎಂದು ಮನಸಾರೆ ಖುಷಿಪಡುತ್ತಿದ್ದನಲ್ಲ, ಅದು ನನ್ನನ್ನು ಸುಡುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ನನ್ನನ್ನು ನೋಡಿ ಅವನಿಗೆ ಹೊಟ್ಟೆ ಉರಿಯಬೇಕು! ದೇವರಾಣೆ, ಪ್ರಮೋಷನ್ನಿಗೂ ನಾನು ಅಷ್ಟು ಹಂಬಲಿಸಿದವನಲ್ಲ. "ನಿಮ್ ಕೈಲಿರೋದು ಬಿಟ್ಟು ಅವ್ರ ಕೈನೇ ನೋಡ್ತೀರಲ್ರೀ" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಒಂದು ಶುಕ್ರವಾರ ಊಟದ ಬಿಡುವಿನಲ್ಲಿ ಅವನು ಪಿಸುಗುಟ್ಟಿದ. "ಯಲಹಂಕದ ರಿಪೇರಿಯವನ ಹತ್ರ ಒಂದ ವಾಚ್ ನೋಡಿದೆ. ಅಲ್ಲೇ ಕೋಗಿಲು ಅನ್ನೋ ಊರಿನ ಅಜ್ಜ ಒಬ್ಬಂದು, ಪಾರಿವಾಳದ ರೇಸಿಗೆ ಇಟ್ಕೊಂಡಿದ್ನಂತ. ಕರೀ ಡಯಲ್ಲು ಬಿಸಲಿಗೆ ಕಾಫಿ ಬಣ್ಣಕ್ಕ ತಿರುಗೇದ. ಏನ್ ಚಂದ ಅಂತೀ! ರವಿವಾರ ಮನೀಗೆ ಬಂದು ತಗೋತೀನಂತ ಅಜ್ಜಗ ಹೇಳಿ ಕಳಿಸೀನಿ."

ಡಯಲ್ಲಿನ ವಿಷಯದಲ್ಲಿ ಅವನು ವಿಚಿತ್ರದವನು. ಆಗ ನಾವೆಲ್ಲ ಹಳೇ ವಾಚು ಕೈಗೆ ಬಂದ ಕೂಡಲೇ ಡಯಲ್ಲಿಗೆ ಹೊಸ ಬಣ್ಣ ಬಳಿಸಿ, ಕೇಸಿಗೆ ಪಾಲಿಶ್ ಹಾಕಿಸಿ ಮದುಮಗನಂತೆ ಮಾಡಿಬಿಡುತ್ತಿದ್ದೆವು. ವಾಚಿಗೆ ಅದೇ ಮರ್ಯಾದೆ ಎಂದುಕೊಂಡಿದ್ದೆವು. ಅವನೊಬ್ಬ ಮಾತ್ರ ಮುಟ್ಟಗೊಡುತ್ತಿರಲಿಲ್ಲ.

ಶನಿವಾರವೇ ನಾನು ಅರ್ಧ ದಿನ ರಜೆ ಹಾಕಿ ಕೋಗಿಲಿಗೆ ಹೋದೆ. ಅಜ್ಜ ತಾರಸಿಯ ಮೇಲೆ ಪಾರಿವಾಳಗಳಿಗೆ ಜೋಳ ಚೆಲ್ಲುತ್ತಿದ್ದ.

"ಭಾನ್ವಾರ ಬತ್ತೀನಿ ಅಂದಿದ್ದೋರು ನೀವೇನಾ?"

"ಹೂಂ," ಎಂದೆ. "ನಾಳೆ ಬರಕ್ಕಾಗಲ್ಲ, ಅದಕ್ಕೇ ಇವತ್ತೇ ಬಂದೆ."

ಅಜ್ಜ ವಾಚನ್ನು ಪಂಚೆಯ ತುದಿಯಿಂದ ಒರೆಸಿ ಕೊಟ್ಟ. "ಇದ್ರ ಬಣ್ಣ ಇಂಗೇ ಇರ್ಲಿ ಅಂದ್ರಂತೆ ನೀವು. ಅದಕ್ಕೇ ಕೊಡ್ತಾ ಇರೋದು. ನನ್ ಜತೆ ಆಕಾಸ ನೋಡ್ತಾ ನಿಂತೂ ನಿಂತೂ ಇಂಗಾಗೈತೆ."

ಇನ್ನೊಂದು "ಹೂಂ" ಎಂದು ದುಡ್ಡೆಣಿಸಿ ಕೊಟ್ಟು ಇಳಿದುಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ.

ಸೋಮವಾರ ಅವನು ಮುಖ ಬಾಡಿಸಿಕೊಂಡು ಬಂದ. "ಯಾವನೋ ನಾನೇ ಅಂತ ಹೇಳಿ ಒಯ್ದಾನೋ! ಹೆಂಗಿದ್ದ ಅಂದ್ರ, ಪ್ಯಾಂಟ್ ಹಾಕ್ಕೊಂಡಿದ್ದ ಅಂದ ಅಜ್ಜ. ಬೆಂಗಳೂರಾಗ ಪ್ಯಾಂಟ್ ಹಾಕದವ್ರು ಯಾರದಾರಪಾ!"

ನಾನು ಲೊಚಗುಟ್ಟಿದೆ. ಆದರೆ ಈಗ ನನಗೊಂದು ಪೇಚಾಟ ಶುರುವಾಯಿತು. ಕಟ್ಟಿಕೊಂಡು ಹೋದರೆ ಕಳ್ಳ ನಾನೇ ಎಂದು ಗೊತ್ತಾಗುತ್ತದೆ. ಕಟ್ಟದಿದ್ದರೆ ಅವನಿಗೆ ಹೊಟ್ಟೆ ಉರಿಯುವುದು ಹೇಗೆ? ಪೆಟ್ಟಿಗೆಯಲ್ಲಿಟ್ಟು ಒಂದು ತಿಂಗಳು ಒದ್ದಾಡಿದೆ. ಕೊನೆಗೆ ಡಯಲ್ಲಿಗೆ ಬಿಳಿ ಬಣ್ಣ ಬಳಿಸಿದೆ, ಹೊಸ ಮುಳ್ಳು ಹಾಕಿಸಿದೆ, ಕೇಸಿನಲ್ಲಿ ಮುಖ ಕಾಣುವ ಹಾಗೆ ಪಾಲಿಶ್ ಮಾಡಿಸಿದೆ. ಕಳ್ಳತನವೂ ಮುಚ್ಚಿತು, ವಾಚೂ ಮಿರಮಿರ ಮಿಂಚಿತು. ಎಂಥ ಬುದ್ಧಿವಂತ ನಾನು ಎಂದು ನನ್ನನ್ನೇ ಮೆಚ್ಚಿಕೊಂಡೆ.

ಮರುದಿನ ಕ್ಯಾಂಟೀನಿನಲ್ಲಿ ಅಂಗಿಯ ತೋಳು ಮಡಚಿ ಅವನೆದುರು ಕೂತೆ. ಅವನು ನನ್ನ ಮಣಿಕಟ್ಟನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ.

"ಭಾಳ ಛಲೋ ಅದ ಬಿಡೋ," ಎಂದ. ಅದೇ ಮಾತು, ಅದೇ ಖುಷಿ. ಮೈಯೆಲ್ಲ ಉರಿದುಹೋಯಿತು. ಅವನು ಕೈ ಬಿಟ್ಟು ಟೀ ಲೋಟ ಎತ್ತಿಕೊಂಡ, ಕುಡಿಯಲಿಲ್ಲ.

"ಆ ಅಜ್ಜಂದೂ ಇದೇ ಮಾಡೆಲ್ ಇತ್ತು. ಸುಳ್ಳ್ಯಾಕ ಹೇಳ್ಲಿ, ಅದನ್ನ ಒಯ್ದವನ್ನ ನೆನಸಿದ್ರ ಹೊಟ್ಟಿ ಉರೀತದೋ. ದಿನಾ ಮುಂಜಾನೆ ಎದ್ದು ಆ ಡಯಲ್ಲು ನೋಡ್ತಿರ್ತಾನಲ್ಲ, ಪುಣ್ಯವಂತ!"

ಅವನ ಮುಖ ನಿಜವಾಗಿಯೂ ಕಪ್ಪಿಟ್ಟಿತ್ತು. ನಾನು ಇಷ್ಟು ವರ್ಷ ನೋಡಬೇಕೆಂದುಕೊಂಡಿದ್ದ ಮುಖ ಅದೇ. ನನ್ನ ಕೈಮೇಲಿನ ಬಿಳಿ ಡಯಲ್ಲನ್ನು ನೋಡಿಕೊಂಡೆ. ಆ ಪುಣ್ಯವಂತನ ಮೇಲೆ ನನಗೂ ಹೊಟ್ಟೆ ಉರಿಯಿತು.