ತಲೆ ತಗ್ಗಿಸಿ ಹೇಳಿದ ನಮಸ್ಕಾರ

ನನ್ನ ನಾದಿನಿ ಸ್ಪೆಶಿಯೋಜಾಳಿಗೆ ಜಂಬ ಎಂದು ನಮ್ಮೂರು ಕ್ಯಾಜಂಗದಲ್ಲೆಲ್ಲ ಹೇಳಿಕೊಂಡು ತಿರುಗಿದವರಲ್ಲಿ ನಾನೂ ಒಬ್ಬಳು. ಸುಳ್ಳೇಕೆ ಹೇಳಲಿ! ಇಪ್ಪತ್ತೆರಡು ವರ್ಷ ಮೆಕ್ಕೆಜೋಳದ ಗಿರಣಿ ನಡೆಸಿದ ಹೆಂಗಸು, ಬಾಯಿ ಬಿಟ್ಟರೆ ಮೂರು ಬೀದಿಗೆ ಕೇಳುವ ಗಂಟಲು. ಅಂಥವಳು ಹುಡುಗಿಯರು ಮಂಡಿಯೂರಿ ನಮಸ್ಕಾರ ಹೇಳಿದರೆ ಹೂಂ ಅನ್ನುತ್ತಿರಲಿಲ್ಲ. ಹಿರಿಯರು ಉತ್ತರ ಕೊಡುವ ತನಕ ನಮ್ಮಲ್ಲಿ ಏಳುವಂತಿಲ್ಲ. ಮಂಡಿ ಉರಿಯುವವರಿಗೆ ಸಿಟ್ಟು ಬಾರದೆ ಇರುತ್ತದೆಯೆ?

ನನ್ನ ಮಗಳು ರೆಸ್ತಿಗೆ ಬಂದೇಬಿಟ್ಟಿತು. ಅವಳ ಮದುವೆ ಮಾತುಕತೆಗೆ ಮೂರೇ ವಾರ ಉಳಿದಿತ್ತು. ಆ ದಿನ ಗಂಡಿನ ಕಡೆಯವರ ನಡುವೆ ಹುಡುಗನನ್ನು ಗುರುತಿಸಿ, ಕೈಹಿಡಿದು ಎಲ್ಲರೆದುರು ತರುವುದು ಸೋದರತ್ತೆಯ ಹಕ್ಕು. ರೆಸ್ತಿಯನ್ನು ಎತ್ತಿ ಆಡಿಸಿದವಳು, ಶಾಲೆಗೆ ಕಳಿಸಿದವಳು ಸ್ಪೆಶಿಯೋಜಾಳೇ. ಅವಳಿಗೆ ಸ್ವಂತ ಮಕ್ಕಳಿಲ್ಲ.

"ಕಂಪಾಲದಲ್ಲಿರೋ ಇನ್ನೊಬ್ಬ ಅತ್ತೇನ ಕರೆಸಮ್ಮ, ಇವಳು ಬೇಡ," ಎಂದಳು ರೆಸ್ತಿ. "ನಾನು ಮಂಡಿಯೂರಿ ಕೂತೇ ಇದ್ದೀನಿ, ಅವಳು ಬಾಳೆಕಾಯಿ ಸಿಪ್ಪೆ ತೆಗೀತಾನೇ ಇದ್ದಾಳೆ. ನಾನೇನು ನಾಯಿನಾ?"

ಜಗಳ ಮಾಡಲೆಂದೇ ಹೋದೆ. ಸ್ಪೆಶಿಯೋಜಾ ಬೆನ್ನು ತಿರುಗಿಸಿ ಕೂತಿದ್ದಳು. ಕೂಗಿದೆ, ತಿರುಗಲಿಲ್ಲ. ಸಿಟ್ಟಿನಲ್ಲಿ ತಪ್ಪಲೆಯನ್ನು ಒದ್ದೆ. ಅದು ಅಂಗಳವಿಡೀ ಢಣಢಣ ಉರುಳಿತು, ಆಗಲೂ ತಿರುಗಲಿಲ್ಲ. ನನ್ನ ನೆರಳು ಕಂಡಾಗಷ್ಟೇ ಬೆಚ್ಚಿಬಿದ್ದು, ಮುಖವರಳಿಸಿ, "ಚೆನ್ನಾಗಿದ್ದೀನಿ ಅತ್ತಿಗೆ, ಮನೇಲೂ ಎಲ್ಲ ಚೆನ್ನಾಗಿದ್ದಾರೆ," ಅಂದಳು. ನಾನು ಅವಳನ್ನು ಏನೂ ಕೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

"ಯಾವಾಗಿಂದ ಸ್ಪೆಶಿ?" ಎಂದು ಕಿವಿ ಮುಟ್ಟಿ ತೋರಿಸಿದೆ.

ಅವಳು ಅತ್ತಳು. "ಗಿರಣಿ ನಿಲ್ಲಿಸಿದ್ರೂ ಒಳಗೆ ಗುಂಯ್ ಅನ್ನೋದು ನಿಲ್ಲಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ. ಬಿಸಿ ಎಣ್ಣೆ ಹಾಕ್ಕೊಂಡೆ, ಸೊಪ್ಪಿನ ರಸ ಹಾಕ್ಕೊಂಡೆ. ಯಾರಿಗೂ ಹೇಳ್ಬೇಡ ಅತ್ತಿಗೆ. ಕಿವುಡಿ ಅಂತ ಗೊತ್ತಾದ್ರೆ ರೆಸ್ತಿ ಮದುವೇಲಿ ನನ್ನನ್ನ ಮುಂದೆ ನಿಲ್ಲಿಸ್ತಾರಾ? ಜಂಬದವಳು ಅಂದ್ಕೊಳ್ಳಲಿ ಬಿಡು."

ಮಸಾಕದ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಕಿವಿ ನೋಡುತ್ತಾರೆ ಎಂದು ಪಾದ್ರಿಗಳು ಚರ್ಚಿನಲ್ಲಿ ಎರಡು ಸಲ ಓದಿ ಹೇಳಿದ್ದರು. ಕೇಳಬೇಕಾದವಳಿಗೆ ಕೇಳಿರಲಿಲ್ಲ. ಕೇಳಿಸಿಕೊಂಡ ನಾನು ಮಹಾತಾಯಿ ಮರೆತಿದ್ದೆ! ಅದೇ ವಾರ ಆ ದಿನ ಬಂತು, ಅವಳನ್ನು ಕರೆದುಕೊಂಡು ಹೋದೆ.

ಅಲ್ಲಿನ ನರ್ಸ್ ಕಿಜ್ಜಾ ತನ್ನ ಕಿವಿಗೇ ಕೇಳಿಸುವ ಯಂತ್ರ ಹಾಕಿಕೊಂಡಿದ್ದಳು. ಎಣ್ಣೆಯ ಸಂಗತಿಗೆ ನಮ್ಮಿಬ್ಬರನ್ನೂ ಚೆನ್ನಾಗಿ ಬೈದಳು. ಆಮೇಲೆ ಸ್ಪೆಶಿಯೋಜಾಳ ಎದುರೇ ಕೂತು, ನಿಧಾನವಾಗಿ, "ಮಾಟಾನೂ ಇಲ್ಲ ಮಣ್ಣೂ ಇಲ್ಲಮ್ಮ. ಗಿರಣಿ ಸದ್ದು ನಿಮ್ಮ ಕಿವಿ ತಿಂದಿದೆ. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬಹುದು. ಯಂತ್ರಕ್ಕೆ ಹೆಸರು ಬರೀತೀನಿ, ಮೂರು ತಿಂಗಳಾಗುತ್ತೆ. ಶನಿವಾರ ನಮ್ಮಂಥೋರೆಲ್ಲ ಇಲ್ಲೇ ಸೇರ್ತೀವಿ, ಬನ್ನಿ," ಎಂದಳು. ನನ್ನತ್ತ ತಿರುಗಿ, "ಇವರು ಈಗ ತುಟಿ ನೋಡಿ ಅರ್ಥ ಮಾಡ್ಕೋತಿದ್ದಾರೆ. ಮುಖ ತೋರಿಸಿ ಮಾತಾಡಿ ಅಂತ ಮನೆಯವರಿಗೆ ಹೇಳಿ," ಎಂದಳು.

ಅಯ್ಯೋ ದೇವರೇ! ನಮ್ಮ ಹುಡುಗಿಯರು ಮಂಡಿಯೂರಿ, ತಲೆ ತಗ್ಗಿಸಿ, ಎದೆಯೊಳಗೇ ಮೆಲ್ಲಗೆ ಮಾತಾಡುತ್ತಾರೆ. ಹಾಗೆ ಕಲಿಸಿದವರು ನಾವೇ. ಹುಡುಗಿ ಮರ್ಯಾದಸ್ಥೆಯಾದಷ್ಟೂ ಇವಳಿಗೆ ಮುಖ ಕಾಣುತ್ತಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಸ್ಪೆಶಿಯೋಜಾ, "ರೆಸ್ತಿಗೆ ನೀನೇ ಹೇಳು, ನನ್ನ ಕೈಲಾಗಲ್ಲ," ಎಂದಳು. ಹೇಳಿದೆ. ಹುಡುಗಿ ಆ ರಾತ್ರಿ ಊಟ ಮಾಡಲಿಲ್ಲ.

ಬೆಳಿಗ್ಗೆ ಅತ್ತೆಯ ಅಂಗಳಕ್ಕೆ ಹೋಗಿ ಮಂಡಿಯೂರಿದಳು. ತಲೆ ತಗ್ಗಿಸಲಿಲ್ಲ. ಪಕ್ಕದ ಮನೆಯ ಮುದುಕಿ, "ಏನೇ ಇದು, ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು!" ಎಂದು ಲೊಚಗುಟ್ಟಿದಳು. ನಾನು "ಸುಮ್ನಿರಜ್ಜಿ" ಎಂದು ಗದರಿದೆ.

"ರಾತ್ರಿ ಚೆನ್ನಾಗಿ ನಿದ್ದೆ ಬಂತಾ ಅತ್ತೆ?"

ಸ್ಪೆಶಿಯೋಜಾ ಅವಳ ತುಟಿಗಳನ್ನೇ ನೋಡಿದಳು. ಬೆಳಗಿನ ಈ ನಮಸ್ಕಾರಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ, ಚೆನ್ನಾಗಿ ಬಂತು ಅಂತ.

"ಇಲ್ಲ ಮಗಳೇ, ಬರಲಿಲ್ಲ," ಎಂದಳು. "ಮಾತುಕತೆ ದಿನ ನೀನು ಬೇರೆಯವರನ್ನ ಕರೀತೀಯಾ?"

ಉತ್ತರ ಸಿಕ್ಕಿತ್ತು, ರೆಸ್ತಿ ಏಳಬಹುದಿತ್ತು. ಏಳಲಿಲ್ಲ. ಮಂಡಿಯ ಮೇಲೇ ಇನ್ನೊಂದಿಷ್ಟು ಹತ್ತಿರ ಸರಿದು, ಮುಖವೆತ್ತಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಹುಡುಗನ್ನ ನೀನೇ ಕರ್ಕೊಂಡು ಬರ್ಬೇಕು ಅತ್ತೆ."