ಚೆಂಡು ಎಸೆಯಲು ಒಬ್ಬಳೇ

ಕಳೆದ ತಿಂಗಳು ಒಂದು ಭಾನುವಾರ ನನ್ನ ಮಗಳಿಗೆ ಜಾಕೆಟ್ ಹಾಕಿಕೊಳ್ಳಲು ಆಗಲಿಲ್ಲ.

ಮೈದಾನದ ಪಕ್ಕದ ಪಾರ್ಕಿಂಗ್‌ನಲ್ಲಿ ನಿಂತಿದ್ದೆವು. ಪಂದ್ಯ ಮುಗಿದಿತ್ತು, ಗಾಳಿ ಬೀಸುತ್ತಿತ್ತು. ಅವಳ ಎಡಗೈ ಸಲೀಸಾಗಿ ತೋಳಿನೊಳಗೆ ಹೋಯಿತು. ಬಲಗೈ ಅರ್ಧಕ್ಕೇ ನಿಂತಿತು. ನನಗೆ ಬೆನ್ನು ಹಾಕಿ ಇನ್ನೊಮ್ಮೆ ಪ್ರಯತ್ನಿಸಿದಳು. ಆಗಲಿಲ್ಲ. ಜಾಕೆಟ್ಟನ್ನು ಶಾಲಿನ ಹಾಗೆ ಹೊದ್ದುಕೊಂಡು, ಏನೂ ಆಗಿಲ್ಲವೆಂಬಂತೆ ಕಾರಿನಲ್ಲಿ ಕೂತಳು. ಸೀಟ್ ಬೆಲ್ಟನ್ನೂ ಎಡಗೈಯಿಂದಲೇ ಎಳೆದುಕೊಂಡಳು.

‘ಇಂಚರಾ, ಕೈಗೇನಾತು?’

‘ಏನಿಲ್ಲ.’ (ಇದನ್ನು ಜರ್ಮನ್‌ನಲ್ಲಿ ಹೇಳಿದಳು. ಸುಳ್ಳು ಹೇಳುವಾಗ ನನ್ನ ಮಗಳು ಯಾವಾಗಲೂ ಜರ್ಮನ್‌ಗೆ ಹೋಗುತ್ತಾಳೆ.)

ಈ ಅಂಕಣಕ್ಕೆ ಹೊಸದಾಗಿ ಬಂದವರಿಗೆ ಸ್ವಲ್ಪ ಹಿನ್ನೆಲೆ. ಇಂಚರಾಳಿಗೆ ಹದಿನಾರು. ಜರ್ಮನಿಯ ಕಾರ್ಲ್ಸ್‌ರುಹೆಯ ಒಂದು ಕ್ಲಬ್ಬಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾಳೆ. ಹೆಲ್ಮೆಟ್ ಹಾಕಿಕೊಂಡು ಗೂಳಿಗಳ ಹಾಗೆ ಗುದ್ದಾಡುವ ಆಟ ಅಲ್ಲ, ಗಾಬರಿಯಾಗಬೇಡಿ. ಇದು ಫ್ಲ್ಯಾಗ್ ಫುಟ್‌ಬಾಲ್. ಸೊಂಟಕ್ಕೆ ಎರಡು ಪಟ್ಟಿ ಸಿಕ್ಕಿಸಿಕೊಂಡು ಓಡುತ್ತಾರೆ. ಚೆಂಡು ಹಿಡಿದವಳ ಪಟ್ಟಿಯನ್ನು ಎದುರಾಳಿ ಕಿತ್ತರೆ ಆ ಓಟ ಅಲ್ಲಿಗೇ ಮುಗಿದ ಹಾಗೆ. ಯಾರೂ ಯಾರನ್ನೂ ಬೀಳಿಸುವಂತಿಲ್ಲ. ಅಷ್ಟು ಕೇಳಿಯೇ ನಾನು ಒಪ್ಪಿದ್ದು. ಧಾರವಾಡದವಳು ನಾನು, ಮಗಳು ಭರತನಾಟ್ಯ ಕಲಿಯಲಿ ಅಂತ ಊರೂರು ಕರೆದುಕೊಂಡು ತಿರುಗಿದವಳು. ಅವಳಿಗೆ ಬೇಕಾಗಿದ್ದು ಮೊಟ್ಟೆಯಾಕಾರದ ಈ ಚೆಂಡು. ಏನು ಮಾಡೋಣ?

ಈ ಆಟದಲ್ಲಿ ಅವಳು ಕ್ವಾರ್ಟರ್‌ಬ್ಯಾಕ್. ಅಂದರೆ ಚೆಂಡು ಮೊದಲು ಅವಳ ಕೈಗೆ ಬರುತ್ತದೆ. ಉಳಿದವರು ದಿಕ್ಕು ದಿಕ್ಕಿಗೆ ಓಡುತ್ತಾರೆ. ಯಾರಿಗೆ ಎಸೆಯಬೇಕು ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸಿ ಎಸೆಯಬೇಕು. ನಮ್ಮ ಕ್ರಿಕೆಟ್ಟಿನಲ್ಲಿ ಕ್ಯಾಪ್ಟನ್ ಒಬ್ಬನೇ ಎಲ್ಲ ಓವರನ್ನೂ ಬೌಲ್ ಮಾಡಿದರೆ ಹೇಗೋ ಹಾಗೆ. ಇವರ ತಂಡದಲ್ಲಿ ಓಡುವ ಹುಡುಗಿಯರು ಬೇಕಾದಷ್ಟು ಇದ್ದಾರೆ, ಹಿಡಿಯುವವರೂ ಇದ್ದಾರೆ. ಎಸೆಯುವವಳು ಮಾತ್ರ ಒಬ್ಬಳೇ. ಮೊದಲ ದಿನದಿಂದಲೂ ಒಬ್ಬಳೇ.

ಸೇಂಟ್ ಲಿಯೋನ್-ರೋಟ್‌ನ ನಮ್ಮ ಆಫೀಸಿನಲ್ಲಿ ಕ್ರಿಸ್ಟಿಯಾನ್ ಎಂಬ ಸಹೋದ್ಯೋಗಿ ಇದ್ದಾನೆ. ಅಮೆರಿಕದ ಫುಟ್‌ಬಾಲ್ ಲೀಗಿನ ಹುಚ್ಚು. ಪ್ರತಿ ವರ್ಷ ವಸಂತ ಬಂತೆಂದರೆ ನಮ್ಮ ಕ್ಯಾಂಟೀನ್ ಟೇಬಲ್ಲಿಗೆ ‘ಡ್ರಾಫ್ಟ್’ ಬರುತ್ತದೆ. ಅಲ್ಲಿ ಕಾಲೇಜು ಮುಗಿಸಿದ ಒಳ್ಳೆಯ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವಂತೆ. ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ. ಆಗ ಏಳುವ ದೊಡ್ಡ ಪ್ರಶ್ನೆ, ಕ್ವಾರ್ಟರ್‌ಬ್ಯಾಕನ್ನು ಯಾವಾಗ ಆರಿಸಬೇಕು? ಮೊದಲು ಅವನನ್ನು ತಂದು ಆಮೇಲೆ ತಂಡ ಕಟ್ಟಬೇಕೋ, ತಂಡ ಕಟ್ಟಿ ಆಮೇಲೆ ಅವನನ್ನು ತರಬೇಕೋ? ಇದರ ಮೇಲೆ ಕ್ರಿಸ್ಟಿಯಾನ್ ಸೂಪ್ ಆರಿಹೋಗುವವರೆಗೂ ಮಾತಾಡಬಲ್ಲ. ನಾನು ಸಲಾಡ್ ತಿನ್ನುತ್ತಾ ‘ಯಾ, ಯಾ’ ಅನ್ನುತ್ತೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಯಾರಿಗಾದರೂ ವಾದ ಮಾಡುವ ಶಕ್ತಿ ಇರುತ್ತದೆಯೇ?

ಅವನ ಸಿದ್ಧಾಂತ ಇಷ್ಟು. ‘ಇರುವವನು ಚೆನ್ನಾಗಿ ಆಡುತ್ತಿರುವಾಗಲೇ ಹೊಸಬನನ್ನು ಆರಿಸಿಕೋಬೇಕು, ಸುಮಾ. ಹೊಸಬ ಒಂದೆರಡು ವರ್ಷ ಬೆಂಚಿನ ಮೇಲೆ ಕೂತು, ನೋಡಿ ಕಲೀಬೇಕು. ಹಳಬನ ಕೈ ಬಿದ್ದುಹೋದ ಮೇಲೆ ಹುಡುಕೋಕೆ ಹೊರಟರೆ ಮುಗೀತು.’

‘ಇರುವವನಿಗೆ ಬೇಜಾರಾಗಲ್ವಾ?’ ಅಂತ ಈ ವರ್ಷ ಕೇಳಿದೆ, ಏನಾದರೂ ಕೇಳಬೇಕಲ್ಲ ಅಂತ.

‘ಆಗುತ್ತೆ. ಅದಕ್ಕೇ ಯಾರೂ ಸಮಯಕ್ಕೆ ಸರಿಯಾಗಿ ಆರಿಸಲ್ಲ.’

ಆಗ ಅದನ್ನೂ ಸಲಾಡ್ ಜೊತೆ ನುಂಗಿದೆ.

ಈಗ ಕಾರಿನೊಳಗೆ ಬನ್ನಿ. ಇಲ್ಲಿನ ಹೆದ್ದಾರಿ, ಆಟೋಬಾನ್ ಹತ್ತಿದ್ದೆವು.

‘ಯಾವಾಗಿಂದ ನೋಯ್ತದ?’ ಅಂದೆ.

‘ಭುಜ... ಈಸ್ಟರ್ ರಜೆಗಿಂತ ಮುಂಚೆಯಿಂದ.’

‘ಅಷ್ಟು ದಿನದಿಂದ? ಯೆನ್ಸ್‌ಗೆ ಹೇಳೀಯೇನು?’ ಯೆನ್ಸ್ ಅಂದರೆ ಅವರ ಕೋಚ್.

‘ಹೇಳಬೇಡ ಅಮ್ಮಾ, ಪ್ಲೀಸ್. ನಾನು ಕೂತರೆ ಯಾರು ಥ್ರೋ ಮಾಡ್ತಾರೆ? ಇನ್ನೊಂದು ಮ್ಯಾಚ್ ಗೆದ್ರೆ ನಾವು ಫೈನಲ್‌ಗೆ ಹೋಗ್ತೀವಿ. ಆಮೇಲೆ ರೆಸ್ಟ್ ಮಾಡ್ತೀನಿ.’

ಆಮೇಲೆ ರೆಸ್ಟ್ ಮಾಡ್ತೀನಿ. ಈ ವಾಕ್ಯವನ್ನು ನಾನು ನನ್ನ ಬಾಯಿಂದಲೇ ಎಷ್ಟು ಸಲ ಕೇಳಿದ್ದೇನೋ. ಹದಿನಾರರ ಹುಡುಗಿಯ ಬಾಯಲ್ಲಿ ಕೇಳಿದ್ದು ಮಾತ್ರ ಇದೇ ಮೊದಲು.

ಮನೆಗೆ ಬಂದು ನನ್ನ ಗಂಡ ಗಿರೀಶರಿಗೆ ಹೇಳಿದೆ. ಅವರು ರೆನ್ನಿಂಗೆನ್‌ನಲ್ಲಿ ಎಂಜಿನಿಯರ್. ದಿನಾ ಹೋಗಿ ಬರುವ ದಾರಿಯಲ್ಲೇ ಅರ್ಧ ಆಯುಷ್ಯ ಕಳೆಯುವವರು. ಭಾನುವಾರ ಸೋಫಾ ಬಿಟ್ಟು ಏಳುವುದಿಲ್ಲ.

‘ನಾ ಮೊದ್ಲ ಹೇಳಿದ್ದೆ, ಶಟಲ್ ಆಡ್ಲಿ ಅಂತ.’

‘ಶಟಲ್ ಆಡೂವಾಗ ಭುಜ ಮನ್ಯಾಗ ಇಟ್ಟು ಹೋಗ್ತಾರೇನ್ರಿ?’

ಅವರು ರಿಮೋಟ್ ಕೆಳಗಿಟ್ಟು ಎದ್ದು ಕೂತರು. ‘ಕೋಚ್‌ಗ ಫೋನ್ ಹಚ್ಚು. ಆಕಿ ಸಿಟ್ಟಾದ್ರ ಆಗ್ಲಿ.’

ಹಚ್ಚಿದೆ. ಯೆನ್ಸ್ ವಾರವೆಲ್ಲ ಶಾಲೆಯಲ್ಲಿ ಗಣಿತ ಪಾಠ ಮಾಡಿ, ಉಳಿದ ಹೊತ್ತನ್ನು ಈ ಹುಡುಗಿಯರಿಗೆ ಕೊಡುವ ಮನುಷ್ಯ. ಹೆಂಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು ಅಂತ ನಾನು ಜರ್ಮನ್ ವಾಕ್ಯ ಜೋಡಿಸಿಕೊಂಡಿದ್ದೆ. ಅರ್ಧ ವಾಕ್ಯಕ್ಕೇ ಅವನು ಅಂದ, ‘ಗೊತ್ತು.’

‘ಏನು ಗೊತ್ತು?’

‘ಭುಜ. ಕೆಲವು ವಾರದಿಂದ ಅವಳು ದೂರಕ್ಕೆ ಎಸೆಯೋದೇ ಬಿಟ್ಟಿದ್ದಾಳೆ. ಕೇಳಿದೆ. ಚೆನ್ನಾಗಿದ್ದೀನಿ ಅಂದಳು. ನಂಬಿದೆ.’ ಆಮೇಲೆ ಅಂದ, ‘ನಂಬೋದು ನನಗೂ ಅನುಕೂಲವಾಗಿತ್ತು.’

ಜಗಳ ಆಡಬೇಕಿತ್ತು. ನಿಜಕ್ಕೂ ಆಡಬೇಕಿತ್ತು. ಬೆಳೆಯುವ ಹುಡುಗಿಯ ಭುಜ ಅದು, ಟ್ರೋಫಿಗಾಗಿ ಸವೆಸುವ ವಸ್ತುವಲ್ಲ. ಆದರೆ ಫೋನಿನ ಆ ಕಡೆಯ ದನಿಯಲ್ಲಿ ಎಷ್ಟು ಸುಸ್ತಿತ್ತೆಂದರೆ, ನನ್ನದೇ ದನಿ ಕೇಳಿದ ಹಾಗಾಯಿತು. ‘ಇನ್ನು ಆಡಿಸಬೇಡ’ ಎಂದಷ್ಟೇ ಹೇಳಿದೆ. ‘ಆಡಿಸಲ್ಲ’ ಅಂದ. ಇಂಚರಾ ಆ ಸಂಜೆ ಊಟಕ್ಕೆ ಬರಲಿಲ್ಲ. ಬಾಗಿಲು ಹಾಕಿಕೊಂಡು ಕೂತಳು.

ಒಂದು ಮಾತು ಹೇಳಲೇ? ಈ ‘ಒಬ್ಬಳೇ’ ಎಂಬ ಕಾಯಿಲೆ ಫುಟ್‌ಬಾಲ್ ಮೈದಾನದಲ್ಲಿ ಮಾತ್ರ ಇಲ್ಲ. ಪ್ರತಿ ಆಫೀಸಿನಲ್ಲೂ ಒಂದು ಹಳೆಯ ಕಂಪ್ಯೂಟರ್ ಪ್ರೋಗ್ರಾಮ್ ಇರುತ್ತದೆ, ಅದನ್ನು ಬಲ್ಲ ಒಬ್ಬರು ಇರುತ್ತಾರೆ. ಅವರು ರಜೆ ಹಾಕಿ ಧಾರವಾಡಕ್ಕೆ ಹೋದರೆ ಲ್ಯಾಪ್‌ಟಾಪೂ ಧಾರವಾಡಕ್ಕೆ ಹೋಗುತ್ತದೆ. (ಅನುಭವದ ಮಾತು.) ‘ನೀನಿಲ್ಲದೆ ನಮ್ಮ ಕೈಲಿ ಆಗಲ್ಲ’ ಎಂದು ಎಲ್ಲರೂ ಹೊಗಳುತ್ತಾರೆ. ಅದು ಹೊಗಳಿಕೆಯೋ ಶಿಕ್ಷೆಯೋ? ನಮ್ಮ ಕನ್ನಡ ಸಂಘದಲ್ಲಿ ಯುಗಾದಿಗೂ ಅದೇ ಅಕ್ಕ ಹೋಳಿಗೆ ಮಾಡುತ್ತಾರೆ, ರಾಜ್ಯೋತ್ಸವಕ್ಕೂ ಅದೇ ಅಕ್ಕ ಚಿತ್ರಾನ್ನ ಕಲಸುತ್ತಾರೆ. ಅವರ ಮಂಡಿ ನೋವಿನ ವಿಷಯ ನಮಗೆಲ್ಲ ಗೊತ್ತು. ಗೊತ್ತಿದ್ದೂ ಎರಡನೇ ಸಲ ಬಡಿಸಿಕೊಳ್ಳುತ್ತೇವೆ.

ಇರಲಿ. ಕತೆಗೆ ಬರುತ್ತೇನೆ.

ಜರ್ಮನಿಯಲ್ಲಿ ಮೂಳೆ ಡಾಕ್ಟರ ಟರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್, ಸಿಗುವಷ್ಟರಲ್ಲಿ ಮೂಳೆ ತಾನಾಗಿಯೇ ಕೂಡಿಕೊಂಡಿರುತ್ತದೆ. ಅದೃಷ್ಟಕ್ಕೆ ಯಾರೋ ತಮ್ಮ ಟರ್ಮಿನ್ ಬಿಟ್ಟುಕೊಟ್ಟಿದ್ದರು, ಬೇಗ ಸಿಕ್ಕಿತು. ಡಾಕ್ಟರು ಇಂಚರಾಳ ಕೈಯನ್ನು ಮೆಲ್ಲಗೆ ಮೇಲೆತ್ತಿದರು. ಅವಳು ತುಟಿ ಕಚ್ಚಿಕೊಂಡಳು. ಸ್ಕ್ಯಾನ್ ನೋಡಿದ ಮೇಲೆ ಅವರು ನನ್ನ ಬಿಟ್ಟು ನೇರವಾಗಿ ಅವಳಿಗೇ ಹೇಳಿದರು. ‘ಬೇಸಿಗೆ ಮುಗಿಯುವವರೆಗೆ ಎಸೆಯುವಂತಿಲ್ಲ. ಈಗ ನಿಲ್ಲಿಸಿದರೆ ಪೂರ್ತಿ ಸರಿಹೋಗುತ್ತದೆ. ನಿಲ್ಲಿಸದಿದ್ದರೆ ಮುಂದಿನ ಸಲ ಆಪರೇಷನ್ ಬಗ್ಗೆ ಮಾತಾಡೋಣ.’

ಅಲ್ಲಿ ಅಳಲಿಲ್ಲ. ಥ್ಯಾಂಕ್ಸ್ ಹೇಳಿ ಎದ್ದು ಬಂದಳು. ಟ್ರಾಮ್ ಸ್ಟಾಪಿನ ಬೆಂಚಿನ ಮೇಲೆ ಕೂತ ಮೇಲೆ ಅತ್ತಳು. ನಾನು ಟಿಶ್ಯೂ ಕೊಟ್ಟೆ. ಒಂದು ಟ್ರಾಮ್ ಹೋಯಿತು, ಇನ್ನೊಂದೂ ಹೋಯಿತು.

‘ಮಾರ್ಲೇನೆ ಕೇಳಿದ್ದಳು’ ಅಂದಳು, ಇದ್ದಕ್ಕಿದ್ದಂತೆ. ಮಾರ್ಲೇನೆ ಅವಳ ತಂಡದ ಹುಡುಗಿ, ಇವಳಿಗಿಂತ ಒಂದು ವರ್ಷ ಚಿಕ್ಕವಳು.

‘ಏನ ಕೇಳಿದ್ಲು?’

‘ನನಗೂ ಥ್ರೋ ಮಾಡೋಕೆ ಕಲಿಸು ಅಂತ. ಚಳಿಗಾಲದಲ್ಲಿ. ಆಮೇಲೆ ಇನ್ನೊಂದ್ಸಲ. ನಾನು, ಲೇಟರ್ ಅಂದೆ.’

‘ಆಕಿ ಚೊಲೋ ಎಸೀತಾಳೇನು?’

‘ಗೊತ್ತಿಲ್ಲ. ನಾನು ನೋಡೇ ಇಲ್ಲ.’

‘ಯಾಕ?’

ಮೂಗು ಒರೆಸಿಕೊಂಡಳು. ‘ಚೆನ್ನಾಗಿ ಎಸೆದುಬಿಟ್ಟರೆ ಅಂತ.’

ನನಗೆ ಬೈಯಬೇಕು ಅನ್ನಿಸಲಿಲ್ಲ, ಸಮಾಧಾನ ಮಾಡಬೇಕು ಅಂತಲೂ ಅನ್ನಿಸಲಿಲ್ಲ. ಇಷ್ಟು ದಿನ ಮನಸ್ಸಿನಲ್ಲೇ ಕೋಚನ್ನು ದೂರುತ್ತಿದ್ದೆ, ಎರಡನೆಯವಳನ್ನು ಯಾಕೆ ತಯಾರು ಮಾಡಲಿಲ್ಲ ಅಂತ. ಎರಡನೆಯವಳು ತಾನಾಗಿಯೇ ಬಂದು ಬಾಗಿಲು ತಟ್ಟಿದ್ದಳು, ಅದೂ ಎರಡು ಸಲ. ಒಳಗಿದ್ದದ್ದು ನನ್ನ ಮಗಳು.

ಮುಂದಿನ ಟ್ರಾಮ್ ಹತ್ತಿದೆವು. ಕಿಟಕಿ ಪಕ್ಕ ಕೂತು ಎಡಗೈಯಲ್ಲಿ ಫೋನ್ ಹಿಡಿದು, ತಪ್ಪು ತಪ್ಪಾಗಿ ಏನೋ ಟೈಪ್ ಮಾಡಿದಳು. ಅಳಿಸಿದಳು. ಮತ್ತೆ ಮಾಡಿದಳು. ಮಾರ್ಲೇನೆಗೆ ಎಂದು ನಾನು ಕೇಳದೆಯೇ ತಿಳಿಯಿತು.

ಆ ವಾರದ ಪ್ರಾಕ್ಟೀಸಿಗೆ ನಾನೂ ಹೋದೆ. ಆಫೀಸಿನಿಂದ ನೇರ ಬಂದಿದ್ದೆ, ಕೂತರೆ ನಿದ್ದೆ ಬರುವ ಸ್ಥಿತಿ. ಯೆನ್ಸ್ ನನ್ನನ್ನು ಚೆಂಡು ಹೆಕ್ಕಲು ನಿಲ್ಲಿಸಿದ. ಮಾರ್ಲೇನೆ ಕನ್ನಡಕದ ಸಣ್ಣ ಹುಡುಗಿ. ಮೊದಮೊದಲು ಎಸೆದ ಚೆಂಡುಗಳು ಗಾಳಿಯಲ್ಲಿ ತೂರಾಡಿ ಎಲ್ಲೆಲ್ಲೋ ಬಿದ್ದವು. (ಹೆಕ್ಕಿದವಳು ನಾನು, ನನಗೆ ಗೊತ್ತು.) ಬಲಗೈಯನ್ನು ಪಟ್ಟಿಯಲ್ಲಿ ಕಟ್ಟಿಕೊಂಡಿದ್ದ ಇಂಚರಾ ಪಕ್ಕದಲ್ಲಿ ನಿಂತು ಗದರುತ್ತಿದ್ದಳು. ‘ಕೈ ಆಮೇಲೆ, ಮೊದಲು ಕಾಲು ನೋಡಿಕೋ.’ ಸ್ವಲ್ಪ ಒರಟಾಗಿಯೇ ಹೇಳುತ್ತಿದ್ದಳು. ಮಾರ್ಲೇನೆ ಬೇಜಾರು ಮಾಡಿಕೊಳ್ಳದೆ ಮತ್ತೆ ಮತ್ತೆ ಎಸೆದಳು. ಹೊರಡುವ ಹೊತ್ತಿಗೆ ಒಂದು ಚೆಂಡು ನೆಟ್ಟಗೆ, ಬುಗುರಿಯ ಹಾಗೆ ತಿರುಗುತ್ತಾ ನನ್ನ ಕೈಗೇ ಬಂದು ಬಿತ್ತು. ಇಂಚರಾ ಅದನ್ನು ನೋಡಿದಳು. ಆಮೇಲೆ ಬೂಟಿನ ಲೇಸ್ ಕಟ್ಟಿಕೊಡು ಅಂತ ನನ್ನ ಹತ್ತಿರ ಬಂದಳು.

ಫೈನಲ್‌ಗೆ ಹೋಗಲು ಗೆಲ್ಲಬೇಕಿದ್ದ ಆ ಪಂದ್ಯ ಸೋತರು. ಸಿನಿಮಾ ಅಲ್ಲವಲ್ಲ, ಸೋಲಲೇಬೇಕಿತ್ತು. ಫೈನಲ್ ಕೈತಪ್ಪಿತು. ಮೊದಲರ್ಧದಲ್ಲಿ ಮಾರ್ಲೇನೆ ಎಸೆದದ್ದು ಬಹುಪಾಲು ಎದುರಾಳಿಗಳ ಕೈಗೆ. ಪ್ರತಿ ಸಲವೂ ಬೆಂಚಿನ ಕಡೆ ತಿರುಗಿ ನೋಡುತ್ತಿದ್ದಳು. ಪ್ರತಿ ಸಲವೂ ಇಂಚರಾ ಎಡಗೈಯಿಂದ ಏನೋ ಸನ್ನೆ ಮಾಡಿ, ತಲೆ ಆಡಿಸಿ, ಪರವಾಗಿಲ್ಲ ಮುಂದಕ್ಕೆ ಹೋಗು ಅನ್ನುತ್ತಿದ್ದಳು. ಬಿಡುವಿನಲ್ಲಿ ಇಬ್ಬರೂ ಹುಲ್ಲಿನ ಮೇಲೆ ಕೂತು ನೀರಿನ ಬಾಟಲಿಗಳನ್ನು ಆಟಗಾರರ ಹಾಗೆ ಸರಿಸಿ ಸರಿಸಿ ಏನೋ ಲೆಕ್ಕ ಹಾಕಿದರು.

ಎರಡನೇ ಅರ್ಧದಲ್ಲಿ ಮಾರ್ಲೇನೆ ಒಂದು ಚೆಂಡು ಎಸೆದಳು. ದೂರಕ್ಕೆ. ಇಂಚರಾ ಎಷ್ಟೋ ವಾರದಿಂದ ಎಸೆಯಲಾಗದಿದ್ದ ದೂರಕ್ಕೆ. ಅತ್ತ ಓಡುತ್ತಿದ್ದ ಹುಡುಗಿ ಅದನ್ನು ಹಿಡಿದು ಗೆರೆ ದಾಟಿಬಿಟ್ಟಳು. ಎಲ್ಲರೂ ಹೋಗಿ ಮಾರ್ಲೇನೆಯನ್ನು ಮುತ್ತಿಕೊಂಡರು. ನನ್ನ ಮಗಳೂ ಬೆಂಚಿನಿಂದ ಹಾರಿ ಎದ್ದು ಕೂಗಿದಳು. ನಿಜವಾದ ಕೂಗು ಅದು. ಆಮೇಲೆ ಕೂತು, ಸ್ವಲ್ಪ ಹೊತ್ತು ನೆಲ ನೋಡಿದಳು. ಅದೂ ನಿಜವೇ. ಎರಡನ್ನೂ ನಾನು ನೋಡಿದೆ.

ವಾಪಸ್ ಬರುವಾಗ ಕಾರಿನಲ್ಲಿ ಅವಳೇ ಶುರು ಮಾಡಿದಳು, ಈ ಸಲ ಕನ್ನಡದಲ್ಲಿ. ‘ಅವಳು ಚೆನ್ನಾಗಿ ಎಸೆದಳು ಅಮ್ಮಾ.’

‘ಹೂಂ, ನೋಡಿದೆ.’

‘ನಂಗೆ ಖುಷಿಯಾಯ್ತು. ಆದ್ರೆ ಬರೀ ಖುಷಿ ಅಲ್ಲ.’

‘ಗೊತ್ತದ’ ಅಂದೆ.

ಇಂಚರಾಳ ಭುಜ ಈಗ ವಾಸಿಯಾಗುತ್ತಿದೆ. ಫಿಸಿಯೋಗೆ ಹೋಗುತ್ತಾಳೆ, ರಬ್ಬರ್ ಪಟ್ಟಿ ಎಳೆಯುತ್ತಾಳೆ, ಗೊಣಗುತ್ತಾಳೆ. ಶರತ್ಕಾಲಕ್ಕೆ ಮತ್ತೆ ಮೈದಾನಕ್ಕೆ ಇಳಿಯಬಹುದಂತೆ. ಆಗ ಇಬ್ಬರಲ್ಲಿ ಯಾರನ್ನು ನಿಲ್ಲಿಸಬೇಕು ಎಂದು ಯೆನ್ಸ್ ತಲೆ ಕೆಡಿಸಿಕೊಳ್ಳಬೇಕು. ಈಗಲೇ ಕೆಡಿಸಿಕೊಳ್ಳುತ್ತಿದ್ದಾನೆ. ಅಂಥ ತಲೆನೋವು ಅವನಿಗೆ ಇದೇ ಮೊದಲು, ಪಾಪ.

ನಾವೆಲ್ಲ ದಣಿದಿದ್ದೇವೆ, ಒಪ್ಪೋಣ. ಯಾರೂ ಕೈಜೋಡಿಸುವುದಿಲ್ಲ ಎಂದು ಗೊಣಗುತ್ತೇವೆ. ಯಾರಾದರೂ ಕೈ ಚಾಚಿದರೆ, ‘ನಿನಗೆ ಹೇಳಿಕೊಡುವಷ್ಟರಲ್ಲಿ ನಾನೇ ಮಾಡಿ ಮುಗಿಸ್ತೀನಿ ಬಿಡು’ ಅನ್ನುತ್ತೇವೆ. ಆಮೇಲೆ ಜಾಕೆಟ್ಟಿನೊಳಗೆ ಕೈ ಹೋಗದ ದಿನ ಬರುತ್ತದೆ, ಸುತ್ತ ನೋಡಿದರೆ ಯಾರೂ ಇರುವುದಿಲ್ಲ.

ಕೊನೆಯ ಸಲ ಯಾರಾದರೂ ಬಂದು ‘ನನಗೂ ಕಲಿಸಿ’ ಅಂದಾಗ, ನೀವು ಏನಂದಿರಿ?