ಅರವತ್ತೆರಡಕ್ಕೆ ನಿಂತ ಎಕ್ಸ್‌-ರೇ

೨೦೦೨ರಲ್ಲಿ ನಾನು ಶಿರಸಿಯ ಒಂದು ಸಣ್ಣ ಕಂಪ್ಯೂಟರ್ ಸಂಸ್ಥೆಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಪ್ರೋಗ್ರಾಮರ್ ಎಂಬುದು ಹೆಸರಿಗೆ ಮಾತ್ರ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದೂ ನನ್ನದೇ ಕೆಲಸ. ಸಂಸ್ಥೆಯ ಯಜಮಾನರು ಹೆಗಡೆಕಟ್ಟಾದ ಸುಬ್ರಾಯ ಹೆಗಡೆಯವರು. ಸಿದ್ದಾಪುರ ಮತ್ತು ಯಲ್ಲಾಪುರದ ಎರಡು ಖಾಸಗಿ ಚಿಕಿತ್ಸಾಲಯಗಳಿಂದ ಎಕ್ಸ್‌-ರೇ ಚಿತ್ರಗಳನ್ನು ದೊಡ್ಡ ಊರಿನ ಮೂಳೆ ತಜ್ಞರಿಗೆ ಕಳಿಸುವ ವ್ಯವಸ್ಥೆಯನ್ನು ಅವರು ವಹಿಸಿಕೊಂಡಿದ್ದರು. ಅದರ ಸಾಫ್ಟ್‌ವೇರ್ ಬರೆದವನು ನಾನು.

ಚಿತ್ರ ಟೆಲಿಫೋನ್ ತಂತಿಯ ಮೂಲಕ ಮೋಡೆಮ್‌ನಿಂದ ನಮ್ಮ ಕಚೇರಿಗೆ ಬರುತ್ತಿತ್ತು, ಬಂದ ಹಾಗೆಯೇ ಮುಂದಕ್ಕೆ ಹೋಗುತ್ತಿತ್ತು. ಒಂದು ಫಿಲ್ಮ್ ದಾಟಲು ಮುಕ್ಕಾಲು ತಾಸಾದರೂ ಬೇಕು. ಲೈನು ಕೆಟ್ಟ ದಿನ ಎರಡು ತಾಸು ಹಿಡಿದದ್ದೂ ಉಂಟು. ಒಳಬರಲು ಎರಡು ಲೈನುಗಳಿದ್ದರೂ ಹೊರಹೋಗಲು ಒಂದೇ. ಎರಡೂ ಊರಿನವರು ಒಟ್ಟಿಗೆ ಕಳಿಸಿದರೆ ಎರಡೂ ಆಮೆನಡಿಗೆ. ಹಾಗಾಗಿ ಒಂದನ್ನು ತಡೆದು ಇನ್ನೊಂದನ್ನು ಬಿಡುವ ಸೌಲಭ್ಯ ಸೇರಿಸಿದೆ. ಇದಕ್ಕಾಗಿ ಒಂದು ಲೈಬ್ರರಿ ಬಳಸಿದ್ದೆ. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ, ನಮ್ಮ ಪ್ರೋಗ್ರಾಮ್ ಕರೆದು ಬಳಸಿಕೊಳ್ಳುವ ಸಿದ್ಧ ಭಾಗ. ಅದರಲ್ಲಿ ‘ಪಾಝ್’ ಎಂದರೆ ತಡೆಹಿಡಿಯುವುದು; ಸಂಪರ್ಕ ಕಡಿಯುವುದಿಲ್ಲ, ಲೈನು ಹಿಡಿದೇ ಇರುತ್ತದೆ, ಡೇಟಾ ಮಾತ್ರ ಹರಿಯುವುದಿಲ್ಲ. ‘ರೆಸ್ಯೂಮ್’ ಎಂದರೆ ಮತ್ತೆ ಹರಿಯುತ್ತದೆ.

ಕೈಪಿಡಿಯಲ್ಲಿ ಒಂದು ಸಾಲಿತ್ತು. ಚಿತ್ರ ಸಾಗಿಸುತ್ತಿರುವ ಥ್ರೆಡ್ಡೇ ರೆಸ್ಯೂಮ್ ಅನ್ನು ಕರೆಯಬೇಕು, ಬೇರೆ ಥ್ರೆಡ್ ಕರೆದರೆ ಖಾತ್ರಿ ಇಲ್ಲ ಎಂದು. ಥ್ರೆಡ್ ಎಂದರೆ ಪ್ರೋಗ್ರಾಮಿನೊಳಗೆ ಒಂದು ಕೆಲಸ ಹಿಡಿದು ಮಾಡುವ ಆಳು ಎಂದುಕೊಳ್ಳಿ. ನಾನು ಪರದೆಯಲ್ಲಿಟ್ಟ ರೆಸ್ಯೂಮ್ ಬಟನ್ನು ಬೇರೆ ಆಳಿನ ಕೈಯಲ್ಲಿತ್ತು. ಇಪ್ಪತ್ತು ಸಲ ಪರೀಕ್ಷೆ ಮಾಡಿದೆ, ಇಪ್ಪತ್ತು ಸಲವೂ ನಡೆಯಿತು. ಆ ಸಾಲು ಅತಿ ಎಚ್ಚರಿಕೆಯವರು ಬರೆದದ್ದು ಎಂದು ಬಿಟ್ಟುಬಿಟ್ಟೆ. ಆಗ ನನಗೆ ಸ್ವಲ್ಪ ಸೊಕ್ಕಿತ್ತು.

ಇನ್ನೊಂದು ವಿಷಯ ಹೇಳಬೇಕು. ಸಿದ್ದಾಪುರದಲ್ಲಿ ಮೋಡೆಮ್‌ಗೂ ಮಾತಿಗೂ ಒಂದೇ ಲೈನು. ನಡುವೆ ಯಾರಾದರೂ ರಿಸೀವರ್ ಎತ್ತಿದರೆ ಎಲ್ಲ ಕೆಟ್ಟು ಮೊದಲಿನಿಂದ ಶುರು. ಬೇಸತ್ತು ನಾನೇ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿದ್ದೆ: ‘ಚಿತ್ರ ನೂರಕ್ಕೆ ಮುಟ್ಟುವವರೆಗೆ ಫೋನ್ ಮುಟ್ಟಬಾರದು.’ ಅಲ್ಲಿನ ಎಕ್ಸ್‌-ರೇ ತಂತ್ರಜ್ಞ ರಾಮ ನಾಯ್ಕರು ಅದನ್ನು ವ್ರತದಂತೆ ಪಾಲಿಸುತ್ತಿದ್ದರು. ಚಿತ್ರ ಹೊರಟಿತೆಂದರೆ ಫೋನಿನ ಮೇಲೆ ಟವೆಲ್ ಮುಚ್ಚಿಬಿಡುತ್ತಿದ್ದರು.

ಒಂದು ದಿನ ಬೆಳಿಗ್ಗೆ ಕೋಲಸಿರ್ಸಿಯ ದ್ಯಾವಕ್ಕ ಎಂಬ ಹೆಂಗಸು ಗದ್ದೆಯ ಅಂಚಿನಿಂದ ಜಾರಿ ಬಿದ್ದು ಮೊಣಕಾಲು ತಿರುಚಿಕೊಂಡಿದ್ದರು. ಗಂಡ ತಿಮ್ಮಪ್ಪ ಟೆಂಪೋದಲ್ಲಿ ಕರೆತಂದಿದ್ದ. ಸಿದ್ದಾಪುರದ ವೈದ್ಯರು ಇನ್ನೂ ಹೊಸಬರು. ಅಲ್ಲೇ ಕಟ್ಟು ಹಾಕುವುದೋ, ದೊಡ್ಡ ಊರಿಗೆ ಕಳಿಸುವುದೋ ಎಂದು ತಜ್ಞರನ್ನು ಕೇಳಲು ಹನ್ನೊಂದು ಗಂಟೆಗೆ ಫಿಲ್ಮ್ ಕಳಿಸತೊಡಗಿದರು.

ಹನ್ನೊಂದೂವರೆಗೆ ಯಲ್ಲಾಪುರದ ಆಪರೇಟರ್ ಫಕೀರಪ್ಪನ ಫೋನ್ ಬಂತು. “ಸರ, ಕಿರವತ್ತಿ ಹತ್ರ ಲಾರಿ ಮಗುಚೈತ್ರಿ. ಡ್ರೈವರ್‌ದು ಕುತ್ತಿಗಿ ಫಿಲ್ಮ್ ಐತಿ. ನಮ್ಮದನ್ನ ಮೊದಲ ಬಿಡ್ರಿ.”

ಸಿದ್ದಾಪುರದ್ದು ಬರೀ ಮೊಣಕಾಲು ಎಂದುಕೊಂಡು ಅದಕ್ಕೆ ಪಾಝ್ ಒತ್ತಿದೆ. ಆಗ ಅದು ಶೇಕಡಾ ಅರವತ್ತೆರಡು ಆಗಿತ್ತು. ಹನ್ನೆರಡೂಕಾಲಿಗೆ ಯಲ್ಲಾಪುರದ ಚಿತ್ರ ಮುಟ್ಟಿತು. ರೆಸ್ಯೂಮ್ ಒತ್ತಿದೆ. ಪರದೆಯ ಮೇಲೆ ‘ಮುಂದುವರಿದಿದೆ’ ಎಂದು ಬಂತು. ಅದು ನನ್ನದೇ ಪ್ರೋಗ್ರಾಮ್ ಹೇಳಿದ ಮಾತು. ಬಟನ್ ಒತ್ತಿದ ಕೂಡಲೇ ಹಾಗೆ ತೋರಿಸು ಎಂದು ಬರೆದವನು ನಾನೇ. ನಿಜಕ್ಕೂ ಒಂದು ಬೈಟಾದರೂ ಸರಿದಿದೆಯೇ ಎಂದು ಅದು ನೋಡುತ್ತಿರಲಿಲ್ಲ. ನಾನೂ ನೋಡದೆ ಬೇರೆ ಕೆಲಸಕ್ಕೆ ಕೂತೆ.

ಎರಡೂಕಾಲಿಗೆ ತಜ್ಞರು ಶಸ್ತ್ರಚಿಕಿತ್ಸೆ ಮುಗಿಸಿ ಹೊರಬಂದು ಫೋನ್ ಮಾಡಿದರು. “ಸಿದ್ದಾಪುರದ ಫಿಲ್ಮ್ ಎಲ್ಲಿ?”

ನೋಡಿದೆ. ಅರವತ್ತೆರಡು. ಸಂಪರ್ಕ ಕಡಿದು ಸಿದ್ದಾಪುರಕ್ಕೆ ಫೋನ್ ಮಾಡಿದೆ, ಅಲ್ಲಿನ ವೈದ್ಯರಿಗೆ ತಜ್ಞರೊಡನೆ ನೇರವಾಗಿ ಮಾತಾಡಲು ಹೇಳಿದೆ. ಅವರ ಮಾತು ಎರಡು ನಿಮಿಷವೂ ನಡೆಯಲಿಲ್ಲವಂತೆ. ಪಾದ ತಣ್ಣಗಿದೆ, ನಾಡಿ ಸಿಗುತ್ತಿಲ್ಲ ಎಂದು ಕೇಳಿದೊಡನೆ ತಜ್ಞರು ಚಿತ್ರ ಬೇಡ, ಈಗಲೇ ಹೊರಡಿಸಿ ಎಂದರು. ಮೊಣಕಾಲ ಹಿಂದಿನ ರಕ್ತನಾಳ ಹರಿದಿತ್ತು. ಅಂಥದ್ದಕ್ಕೆ ಕೆಲವೇ ತಾಸುಗಳ ಅವಕಾಶ. ದೊಡ್ಡ ಊರು ಮೂರೂವರೆ ತಾಸಿನ ದಾರಿ. ಮರುದಿನ ದ್ಯಾವಕ್ಕನ ಕಾಲನ್ನು ಮೊಣಕಾಲ ಮೇಲಿಂದ ತೆಗೆದರು.

ವಿಷಯ ತಿಳಿದು ಸಿದ್ದಾಪುರಕ್ಕೆ ಹೋದೆ. ರಾಮ ನಾಯ್ಕರು ನನ್ನ ಮುಖ ನೋಡಲಿಲ್ಲ. “ಎದುರಿಗೇ ಎಸ್‌ಟಿಡಿ ಬೂತ್ ಇತ್ತು ಸರ್. ಅಲ್ಲಿಂದ ಫೋನ್ ಮಾಡ್ತೆ ಅಂತ ಡಾಕ್ಟ್ರು ಎರಡು ಸಲ ಎದ್ರು. ಹೋಗ್ತಾ ಉಂಟಲ, ಇನ್ನೇನ್ ಮುಟ್ತದೆ ಅಂತ ನಾನೇ ಕೂರ್ಸದೆ” ಎಂದರು. ಅಂಕಿ ಸರಿಯದಿದ್ದರೂ ಅವರ ಕಂಪ್ಯೂಟರಿನಲ್ಲೂ ‘ಹೋಗುತ್ತಿದೆ’ ಎಂದೇ ಇತ್ತು. ಸಂಪರ್ಕ ಜೀವಂತವಾಗಿದ್ದುದರಿಂದ ಯಾವ ದೋಷವೂ ಕಾಣಿಸಿಕೊಂಡಿರಲಿಲ್ಲ.

ಕಚೇರಿಗೆ ಬಂದು ಕೈಪಿಡಿಯ ಆ ಸಾಲನ್ನು ಹೆಗಡೆಯವರಿಗೆ ತೋರಿಸಿದೆ. ನನ್ನನ್ನು ತೆಗೆದುಹಾಕುತ್ತಾರೆ ಎಂದುಕೊಂಡಿದ್ದೆ, ಹಾಗಾದರೆ ಒಳ್ಳೆಯದೆಂದೂ ಅನಿಸಿತ್ತು. ಅವರು ಕೈಪಿಡಿ ಮುಚ್ಚಿಟ್ಟು ಹೇಳಿದರು, “ತಪ್ಪು ನಿಂದೇ ಹೌದು. ಅವ್ರ ಮನಿಗೆ ಹೋಗಿ ಹೇಳವು. ಆನೂ ಬರ್ತೆ.”

ತಿಂಗಳಾದ ಮೇಲೆ ಇಬ್ಬರೂ ಕೋಲಸಿರ್ಸಿಗೆ ಹೋದೆವು. ದ್ಯಾವಕ್ಕ ಜಗಲಿಯಲ್ಲಿ ಗೋಡೆಗೊರಗಿ ಕೂತು ಮೊಗೆಸೌತೆಯ ಬೀಜ ಬಿಡಿಸುತ್ತಿದ್ದರು. ಥ್ರೆಡ್ಡು, ಲೈಬ್ರರಿ ಎಲ್ಲ ಬಿಟ್ಟು, ಚಿತ್ರ ನಿಂತುಹೋಗಿದ್ದು ನನ್ನಿಂದ ಎಂದೆ. ತಿಮ್ಮಪ್ಪ ಎದ್ದು ಅಂಗಳಕ್ಕೆ ಇಳಿದುಬಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದ್ಯಾವಕ್ಕ ಕೈಯ ಕೆಲಸ ನಿಲ್ಲಿಸಿ ಕೇಳಿದರು. “ನಿಮ್ಮ ಮಿಷಿನಿಗೆ ನಿಂತಿದೆ ಅಂತ ಹೇಳುಕೆ ಬರುದಿಲ್ವಾ? ಕಾಲು ಜೋಮು ಹಿಡೀತಾ ಇತ್ತು. ಟೆಂಪೋನೂ ಬಾಗಿಲಲ್ಲೇ ಇತ್ತು. ನಿಂತಿದೆ ಅಂದಿದ್ರೆ ನಾವು ಹೊರಡ್ತಿದ್ವಿ.”



ರೆಸ್ಯೂಮ್ ಅನ್ನು ಸರಿಯಾದ ಥ್ರೆಡ್ಡಿಗೆ ಒಪ್ಪಿಸಲು ಅರ್ಧ ದಿನ ಸಾಕಾಯಿತು. ಒಂದು ನಿಮಿಷ ಬೈಟು ಸರಿಯದಿದ್ದರೆ ಎರಡೂ ಕಡೆ ಪರದೆಯ ತುಂಬ ‘ನಿಂತಿದೆ, ಫೋನ್ ಮಾಡಿ’ ಎಂದು ಬರುವ ಹಾಗೆ ಮಾಡಲು ಇನ್ನರ್ಧ ದಿನ. ಒಟ್ಟು ಒಂದು ದಿನದ ಕೆಲಸ. ಎರಡು ತಾಸು ಮೊದಲು ಹೊರಟಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ತಜ್ಞರನ್ನು ಕೇಳಿದ್ದೆ. ಅದನ್ನು ಮಾತ್ರ ಕೇಳಬೇಡಿ ಎಂದರು.

ಆಮೇಲೆ ಇಪ್ಪತ್ತು ವರ್ಷ ಇದೇ ವೃತ್ತಿ ಮಾಡಿದೆ. ಕೆಲಸ ನಿಲ್ಲುವುದು ತಪ್ಪಲ್ಲ, ನಿಂತದ್ದನ್ನು ನಡೆಯುತ್ತಿದೆ ಎಂದು ಹೇಳುವುದು ತಪ್ಪು. ಇಷ್ಟನ್ನು ನನಗೆ ಕಲಿಸಿದ್ದು ಕೈಪಿಡಿಯಲ್ಲ. ಸಿದ್ದಾಪುರದ ಗೋಡೆಯ ಆ ಕಾಗದವನ್ನು ನಾನೇ ಕಿತ್ತು ತಂದಿದ್ದೆ. ಅದು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ, ಅಕ್ಷರ ಇನ್ನೂ ಮಾಸಿಲ್ಲ.